ಖರಾದಿ ಹಾಶಿಮನ ತೊಟ್ಟಿಲ ಕಾಳಗ

ಜೋಗೇಶ್ವರಿಯ ಖರಾದಿ ಹಾಶಿಮ ಸಿಟ್ಟನ್ನು ಹುಡುಕಿಕೊಂಡು ಹೋದವನೇ ಅಲ್ಲ. ಸಿಟ್ಟೇ ಅವನ ವಿಳಾಸ ಕೇಳಿಕೊಂಡು, ಲೋಕಲ್ ಹಿಡಿದು, ಸ್ಟೇಶನ್ನಿನ ಪೂರ್ವದ ಮೆಟ್ಟಿಲಿಳಿದು, ಕೆಸರು ದಾಟಿ, ಅವನ ತಗಡಿನ ಶೆಡ್ಡಿಗೆ ಬಂದು ಹಾಜರಾಗುತ್ತಿತ್ತು. ಬಂದ ಅತಿಥಿಯನ್ನು ಅವನು ಎಂದೂ ಬಾಗಿಲಲ್ಲಿ ನಿಲ್ಲಿಸಿದವನಲ್ಲ. ಕರೆಂಟು ಹೋದರೆ ಕರೆಂಟಿನ ಮೇಲೆ ಸಿಟ್ಟು. ಬಂದರೆ ಇಷ್ಟು ಹೊತ್ತು ಎಲ್ಲಿ ಸತ್ತಿತ್ತೆಂದು ಸಿಟ್ಟು. ಮಳೆ ಬಂದರೆ ತಗಡು ಸೋರುತ್ತದೆಂದು ಸಿಟ್ಟು. ಬಾರದಿದ್ದರೆ, ನಿನ್ನೆ ತಾನೇ ಕಷ್ಟಪಟ್ಟು ಡಾಂಬರು ಬಳಿದದ್ದು ದಂಡವಾಯಿತೆಂದು ಸಿಟ್ಟು.

ಇವೆಲ್ಲ ಗಡಿಯಲ್ಲಿ ನಡೆಯುವ ಸಣ್ಣಪುಟ್ಟ ಚಕಮಕಿಗಳು. ಹಾಶಿಮನ ಮಹಾಯುದ್ಧ ನಡೆದಿದ್ದು ಬಣ್ಣದ ವಿರುದ್ಧ. ಖರಾದಿ ಎಂದರೆ ಮರವನ್ನು ಯಂತ್ರಕ್ಕೆ ಸಿಕ್ಕಿಸಿ, ಗರಗರ ತಿರುಗಿಸಿ, ಉಳಿ ಹಿಡಿದು ದುಂಡಗೆ ಕಡೆಯುವವನು. ಮಂಚದ ಕಾಲು, ಲಟ್ಟಣಿಗೆ, ಮೆಟ್ಟಿಲ ಕಟಕಟೆಯ ಕಂಬ, ಎಲ್ಲವನ್ನೂ ಹಾಶಿಮ ಮೂವತ್ತು ವರ್ಷದಿಂದ ಮುಂಬಯಿಗೆ ಕಡೆದು ಕೊಟ್ಟಿದ್ದ. ಒಳ್ಳೆಯ ಶೀಶಮ್ ಮರವನ್ನು ಕಡೆಯುವಾಗ ಒಳಗಿನ ಗೆರೆಗಳು ಒಂದೊಂದಾಗಿ ಮೇಲೆದ್ದು ಬರುವುದನ್ನು ನೋಡಿ ಅವನ ಎದೆ ಉಬ್ಬುತ್ತಿತ್ತು. ಆಗ ಗಿರಾಕಿ ಬಂದು ಇದಕ್ಕೆ ಚಾಕಲೇಟು ಬಣ್ಣ ಬಳಿದುಬಿಡಿ ಎನ್ನುತ್ತಿದ್ದ. ಈಚೆಗಂತೂ ಇನ್ನೊಂದು ಪಿಡುಗು ಹುಟ್ಟಿತ್ತು. ಮರದ ಗೆರೆಗಳನ್ನು ಅಚ್ಚು ಹಾಕಿದ ಹೊಳೆಯುವ ಹಾಳೆಗಳು ಬಂದಿದ್ದವು. ಅವನ್ನು ನಿಜವಾದ ಮರದ ಮೇಲೆ ಅಂಟಿಸಿ ಜನ ಮೆರೆಯುತ್ತಿದ್ದರು.

"ಹೆಂಡ್ತಿ ಮಾರಿ ಮುಚ್ಚಿ, ಅದರ ಮ್ಯಾಲ ಹೆಂಡ್ತಿ ಫೋಟೋ ಅಂಟಿಸಿದಂಗಾತು" ಎಂದು ಹಾಶಿಮ ಗುಡುಗಿದ್ದ.

"ಅದಕ್ಕೂ ಮೊದ್ಲ ಒಂದ ಸಲ ಫೋಟೋ ತೆಗಸಬೇಕಾಗ್ತದ" ಎಂದು ಹೆಂಡತಿ ಇಮಾಮಬಿ ರೊಟ್ಟಿ ಬಡಿಯುತ್ತಲೇ ಹೇಳಿದ್ದಳು. ಮದುವೆಯಾಗಿ ಇಪ್ಪತ್ತಾರು ವರ್ಷವಾಗಿತ್ತು, ಫೋಟೋ ಇನ್ನೂ ತೆಗೆಸಿರಲಿಲ್ಲ.

ತಮಾಷೆಯೆಂದರೆ, ಬಣ್ಣದ ಈ ಪರಮವೈರಿ ಹುಟ್ಟಿದ್ದು ಬಣ್ಣದ ಮನೆಯಲ್ಲೇ. ಕಲಘಟಗಿಯಲ್ಲಿ ಅವನ ಅಪ್ಪ ತೊಟ್ಟಿಲು ಮಾಡುತ್ತಿದ್ದ. ಅಲ್ಲಿಯ ತೊಟ್ಟಿಲೆಂದರೆ ಅರಗಿನ ತೊಟ್ಟಿಲು. ಕೆಂಪು, ಹಳದಿ, ಹಸಿರು ಬಣ್ಣ ಕಲಸಿದ ಅರಗಿನ ಕಡ್ಡಿಯನ್ನು ತಿರುಗುವ ಕಂಬಕ್ಕೆ ಒತ್ತಿ ಹಿಡಿದರೆ ತಿಕ್ಕಾಟದ ಬಿಸಿಗೆ ಅದು ಕರಗಿ ಮರಕ್ಕೆ ಮೈತುಂಬ ಅಂಗಿ ತೊಡಿಸುತ್ತದೆ. ಆ ಮೇಲೆ ಕೇದಿಗೆಯ ಗರಿ ಹಿಡಿದು ಉಜ್ಜಿದರೆ ಕನ್ನಡಿಯ ಹೊಳಪು. ಅಪ್ಪನ ಮೇಲೆ ಮಾತ್ರ ಹಾಶಿಮನಿಗೆ ಸಿಟ್ಟಿರಲಿಲ್ಲ. ಅಪ್ಪ ಬಳಸುತ್ತಿದ್ದದ್ದು ಹಾಲೆಮರ. ಅದು ಹಾಲಿನಷ್ಟೇ ಬೆಳ್ಳಗೆ, ಹಾಲಿನಷ್ಟೇ ಸಪ್ಪಗೆ, ಒಳಗೆ ಒಂದು ಗೆರೆಯೂ ಇಲ್ಲ. ಮುಖವೇ ಇಲ್ಲದ ಮರಕ್ಕೆ ಬಣ್ಣದಿಂದ ಮುಖ ಬರೆಯುವುದು ಪುಣ್ಯದ ಕೆಲಸ. ಮುಖವಿದ್ದ ಮರಕ್ಕೆ ಮಸಿ ಬಳಿಯುವುದೇ ಪಾಪ.

ಇಂಥ ಹಾಶಿಮನ ಕೈಗೆ ಎಪ್ಪತ್ನಾಲ್ಕರ ಮಳೆಗಾಲದಲ್ಲಿ ಅವನ ಜೀವಮಾನದ ಮರ ಸಿಕ್ಕಿತು. ಸಿಕ್ಕದ್ದು ದಾರುಖಾನೆಯಲ್ಲಿ, ಹಳೆಯ ಹಡಗು ಒಡೆದು ಮಾರುವ ಕಡೆ. ಅಲ್ಲಿ ಮರದ ವ್ಯಾಪಾರ ಮಾಡುತ್ತಿದ್ದ ದೂಜ ಎಂಬ ತುಳುವ, ಯಾವುದೋ ಪರದೇಶದ ಹಡಗಿನ ದಪ್ಪ ತೊಲೆಯೊಂದನ್ನು ಬಾಗಿಲು ಬಡಿದುಕೊಳ್ಳದಂತೆ ಒತ್ತಾಗಿ ಇಟ್ಟಿದ್ದ. ಮೇಲೆ ನಾಲ್ಕು ಪದರ ಬಿಳಿ ಬಣ್ಣ. ಹಾಶಿಮ ಉಗುರಿನಿಂದ ಒಂದು ಕಡೆ ಕೆರೆದ. ಹೆಬ್ಬೆರಳನ್ನು ನಾಲಿಗೆಗೆ ಒತ್ತಿ ಆ ಜಾಗಕ್ಕೆ ತಿಕ್ಕಿದ.

"ಎಂತ ಮಾರಾಯ್ರೆ, ಬಾಗಿಲ ಮರ ನೆಕ್ಕಿ ನೋಡುದಾ? ಉಪ್ಪು ಸಾಕುಂಟಾ?" ಎಂದು ದೂಜ ಕೇಳಿದ.

ಹಾಶಿಮನಿಗೆ ಕೇಳಿಸಲಿಲ್ಲ. ಒದ್ದೆಯಾದ ಆ ಬೆರಳಗಲದ ಜಾಗದಲ್ಲಿ ಹೊಂಬಣ್ಣದ ಮರದೊಳಗೆ ಅಡ್ಡಡ್ಡ ತೆರೆಗಳು ಎದ್ದಿದ್ದವು. ತಲೆ ಸ್ವಲ್ಪ ವಾಲಿಸಿದರೆ ಬೆಳಗಿದ್ದ ಗೆರೆ ಮುಳುಗಿ, ಮುಳುಗಿದ್ದ ಗೆರೆ ಬೆಳಗುತ್ತಿತ್ತು. ರೇಷ್ಮೆಯ ಸೀರೆಯನ್ನು ಯಾರೋ ನಿರಿಗೆ ಹಿಡಿದು ಮರದೊಳಗೆ ಅಡಗಿಸಿಟ್ಟಂತಿತ್ತು. ನೀರಾರಿದೊಡನೆ ಎಲ್ಲ ಮಾಯ. ಇಂಥ ಮರಕ್ಕೆ ನಾಲ್ಕು ಪದರ ಬಿಳಿ ಬಣ್ಣ ಬಳಿದ ಪರದೇಶದವನು ಯಾವನೋ, ಅವನು ಸತ್ತಿದ್ದರೂ ಸರಿಯೇ, ಹಾಶಿಮ ಅವನ ಏಳು ತಲೆಮಾರನ್ನು ದಾರುಖಾನೆಯಿಂದ ಜೋಗೇಶ್ವರಿಯವರೆಗೂ ಬೈದುಕೊಂಡು ತೊಲೆಯನ್ನು ಹೆಗಲ ಮೇಲೆ ಹೊತ್ತು ತಂದ.

ತಿಂಗಳ ಮೇಲೆ ವಿಕ್ರೋಳಿಯಿಂದ ಸೋಮವ್ವ ಬಂದಳು. ಸೋಮವ್ವ ಇಮಾಮಬಿಯ ಊರಿನವಳು, ಒಂದೇ ಓಣಿ. ಹಾಶಿಮ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದ. ಮಗಳು ಸುಂದ್ರವ್ವ ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳು ಮೂರು ದಿನದ ಹಿಂದೆ ಹೆಣ್ಣು ಹೆತ್ತಿದ್ದಳು. ಹದಿಮೂರನೆಯ ದಿನ ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡಬೇಕು. ತೊಟ್ಟಿಲು ತವರಿನದೇ ಆಗಬೇಕು. ಹುಬ್ಬಳ್ಳಿಯಿಂದ ಬೀಗರು ಬರುತ್ತಾರೆ.

"ಅರಗಿನ ತೊಟ್ಲಾನ ಆಗಬೇಕ ನೋಡ ತಮ್ಮಾ" ಎಂದಳು ಸೋಮವ್ವ. "ನಮ್ಮ ಬೀಗತಿ ಕಣ್ಣಾಗ ಎಣ್ಣಿ ಹಾಕ್ಕೊಂಡ ತಪ್ಪ ಹುಡುಕಾಕಿ."

ಹಾಶಿಮ ಮಂಚದ ಕೆಳಗಿದ್ದ ತೊಲೆಯ ಕಡೆ ನೋಡಿದ. "ಅರಗ ಹಾಕೇ ಹಾಕ್ತೀನಿ ಅಕ್ಕಾ. ನಮ್ಮಪ್ಪನ ಆಣಿ ಐತಿ."

ಸೋಮವ್ವ ನಿಶ್ಚಿಂತಳಾಗಿ ಹೋದಳು. ಅವಳಿದ್ದ ಸೀಮೆಯಲ್ಲಿ ಅರಗು ಎಂದರೆ ಬಣ್ಣವೆಂದೇ ಅರ್ಥ; ಆ ಎರಡು ಮಾತಿನ ನಡುವೆ ಒಂದು ಆನೆ ಹಾಯುವಷ್ಟು ಸಂದಿಯಿದೆಯೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ.

ನಾಲ್ಕು ಕಂಬಗಳು ಎರಡು ದಿನದಲ್ಲಿ ಎದ್ದು ನಿಂತವು. ಇನ್ನು ಇವಕ್ಕೆ ಏನು ಹಚ್ಚಿದರೆ ಒಳಗಿನ ತೆರೆಗಳು ಒದ್ದೆಯಿದ್ದಾಗ ಕಂಡಂತೆ ಸದಾ ಕಾಣುತ್ತವೆ? ತುಂಡು ಮರದಲ್ಲಿ ನಾಲ್ಕು ಪುಟ್ಟ ಬುಗುರಿಗಳನ್ನು ಕಡೆದು ಹಾಶಿಮ ಪರೀಕ್ಷೆಗೆ ಕೂಡಿಸಿದ. ಮೊದಲನೆಯದಕ್ಕೆ ಮುಂಬಯಿಯ ಬಡಗಿಗಳೆಲ್ಲ ನಮಸ್ಕರಿಸುವ ಸ್ಪಿರಿಟ್ ಪಾಲಿಶ್. ಹಚ್ಚಿದಾಗ ಅದು ಮದುಮಗನಂತೆ ಮಿಂಚಿತು. ಮಳೆಯ ಗಾಳಿ ತಾಗಿದ್ದೇ ತಡ, ಮೈಮೇಲೆ ಬೂದಿ ಬಳಿದಂತೆ ಬೆಳ್ಳಗಾಯಿತು. ಹಾಶಿಮ ಆಕಾಶಕ್ಕೆ ಮುಖ ಮಾಡಿ ನಾಲ್ಕು ಮಾತಾಡಿದ. ಎರಡನೆಯದಕ್ಕೆ ಜೇನುಮೇಣ. ಅದರ ಸ್ವಭಾವ ಸಾಧು. ಗೆರೆಯನ್ನು ಮುಚ್ಚಲೂ ಇಲ್ಲ, ಎಬ್ಬಿಸಲೂ ಇಲ್ಲ. ಇಂಥ ಸಾಧುಗಳನ್ನು ಕಂಡರೆ ಹಾಶಿಮನಿಗೆ ಮೊದಲಿಂದಲೂ ಆಗದು. ಮೂರನೆಯದಕ್ಕೆ ಅಗಸೆ ಎಣ್ಣೆ.

ಎಣ್ಣೆ ಮುಟ್ಟಿದ ಕೂಡಲೇ ತೆರೆಗಳು ದಡಬಡಿಸಿ ಎದ್ದವು. ಮೇಲಿನ ತೆರೆಯ ಕೆಳಗೆ ಇನ್ನೊಂದು, ಅದರ ಕೆಳಗೆ ಮತ್ತೊಂದು. ಕೈ ಹಾಕಿದರೆ ಮೊಣಕೈವರೆಗೂ ಮುಳುಗೀತು ಎನ್ನುವಷ್ಟು ಆಳ. ಹಾಶಿಮ ಅರೆಗಳಿಗೆ ಸಿಟ್ಟು ಮರೆತು ಕುಳಿತ. ಆದರೆ ಎರಡು ದಿನವಾದರೂ ಎಣ್ಣೆ ಒಣಗಲಿಲ್ಲ. ಮುಟ್ಟಿದವರ ಬೆರಳು ಅಂಟಿತು, ಕುಳಿತ ನೊಣ ಅಂಟಿತು, ಮನೆಯೆಲ್ಲ ಅಗಸೆಯ ವಾಸನೆ ಹಬ್ಬಿತು. ಇಮಾಮಬಿ ಅಗಸೆ ಚಟ್ನಿಯ ನೆನಪಾಗಿ ಬಾಯಲ್ಲಿ ನೀರು ತಂದುಕೊಂಡಳೇ ಹೊರತು ಬೇರೆ ಉಪಕಾರವಾಗಲಿಲ್ಲ.

ನಾಲ್ಕನೆಯ ಬುಗುರಿಯನ್ನು ಕೈಯಲ್ಲಿ ಹಿಡಿದು ಹಾಶಿಮ ಮಳೆಯನ್ನು, ಮುಂಬಯಿಯನ್ನು, ಹಡಗನ್ನು, ಸೋಮವ್ವನ ಬೀಗತಿಯನ್ನು ಸರದಿಯ ಪ್ರಕಾರ ಬೈದ. ಸರದಿ ಮುಗಿದ ಮೇಲೆ ಅಪ್ಪನ ಹಳೆಯ ಪೆಟ್ಟಿಗೆ ತೆರೆದ. ಒಳಗೆ ಕೆಂಪು, ಹಳದಿ, ಹಸಿರು ಕಡ್ಡಿಗಳ ಅಡಿಯಲ್ಲಿ, ಇನ್ನೂ ಬಣ್ಣ ಕಲಸದ ಅರಗಿನ ಒಂದು ಗಟ್ಟಿ ಇತ್ತು. ಜೇನಿನಂತೆ ತಿಳಿಯಾಗಿತ್ತು, ಬೆಳಕಿಗೆ ಹಿಡಿದರೆ ಆಚೆಯ ಬೆರಳು ಕಾಣುತ್ತಿತ್ತು. ಬಣ್ಣದ ಮನೆಯಲ್ಲಿ ಹುಟ್ಟಿದವನಿಗೆ, ಅರಗು ಹುಟ್ಟುವಾಗ ಬೆತ್ತಲೆಯಾಗಿಯೇ ಹುಟ್ಟುತ್ತದೆಂಬ ಮಾತು ಐವತ್ತನೆಯ ವಯಸ್ಸಿನಲ್ಲಿ ಹೊಳೆಯಿತು. ಅದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು.

ಬುಗುರಿಗೆ ಎಣ್ಣೆಯನ್ನು ತೆಳ್ಳಗೆ ತಾಗಿಸಿ, ಬಟ್ಟೆಯಿಂದ ಒರೆಸಿ ತೆಗೆದು, ಯಂತ್ರ ತಿರುಗಿಸಿ ಬಣ್ಣವಿಲ್ಲದ ಅರಗನ್ನು ಒತ್ತಿ ಹಿಡಿದ. ತಿಕ್ಕಾಟದ ಬಿಸಿಗೆ ಮರದ ತೇವ ಓಡಿತು, ಅರಗು ನೀರಾಗಿ ಹರಡಿತು. ಮೇಲೆ ಕೇದಿಗೆಯ ಗರಿ. ಯಂತ್ರ ನಿಂತಾಗ ಬುಗುರಿಯೊಳಗೆ ಸಮುದ್ರವಿತ್ತು, ಮೇಲೆ ಗಾಜು. ಮುಟ್ಟಿದರೆ ಅಂಟಲಿಲ್ಲ. ಮಳೆಯ ಗಾಳಿಗೆ ಹಿಡಿದರೆ ಬೆಳ್ಳಗಾಗಲಿಲ್ಲ. ಕೂಸು ನೆಕ್ಕಿದರೂ ಕೆಡುಕಿಲ್ಲ. ನಾಲ್ಕೂ ಕಂಬಗಳಿಗೆ ಹಾಶಿಮ ಅದನ್ನೇ ಹಚ್ಚಿದ. ಕಂಬಗಳನ್ನು ತೊಟ್ಟಿಲ ಹಲಗೆಗಳ ಜೊತೆ ಗೋಣಿಯಲ್ಲಿ ಕಟ್ಟಿ, ಗದೆ ಹೊತ್ತ ಭೀಮನ ಠೀವಿಯಲ್ಲಿ ಲೋಕಲ್ ಹತ್ತಿದ. ದಾದರಿನಲ್ಲಿ ಇಳಿದು, ಸೇತುವೆ ಏರಿ, ಅಡ್ಡ ಬಂದವರ ಮೊಣಕಾಲಿಗೆಲ್ಲ ಗದಾಪ್ರಹಾರ ಮಾಡುತ್ತ ಸೆಂಟ್ರಲ್ ಗಾಡಿ ಹಿಡಿದು, ವಿಕ್ರೋಳಿಯ ಚಾಳಿನಲ್ಲಿ ತೊಟ್ಟಿಲು ಜೋಡಿಸಿ ನಿಲ್ಲಿಸಿದ.

ಸೋಮವ್ವ ನೋಡಿದಳು. ಸುತ್ತು ಹಾಕಿ ನೋಡಿದಳು. "ಬಣ್ಣ ಎಲ್ಲದನೋ?"

"ನೀ ಬಣ್ಣ ಅಂದಿಲ್ಲಕ್ಕಾ, ಅರಗ ಅಂದೀ. ಅರಗ ಐತಿ."

ಆಮೇಲೆ ನಡೆದ ಸಂಭಾಷಣೆಯನ್ನು ಚಾಳಿನ ಮೂರು ಮಾಳಿಗೆಯವರೂ ಕೇಳಿದರು. ಬರಿಗಟ್ಟಿಗೆಯ ಮೇಲೆ ಮಲಗಿಸುವುದು ಹೆಣವನ್ನು, ಕೂಸನ್ನಲ್ಲ ಎಂಬುದು ಸೋಮವ್ವನ ಪಕ್ಷ. ಕಣ್ಣಿದ್ದವರು ನೋಡಲಿ, ಇಲ್ಲದವರು ಬಣ್ಣ ಬಳಿದುಕೊಳ್ಳಲಿ ಎಂಬುದು ಹಾಶಿಮನ ಪಕ್ಷ. ಈ ಎರಡನೆಯ ಮಾತನ್ನು ಅವನು ಆಡಬಾರದಿತ್ತು. ಯಾಕೆಂದರೆ ಸೋಮವ್ವನ ಮಗ ಧರ್ಮಣ್ಣ ಅಲ್ಲೇ ಕುಳಿತು ಚಹಾ ಕುಡಿಯುತ್ತಿದ್ದ. ಅವನು ಕೆಲಸ ಮಾಡುತ್ತಿದ್ದದ್ದು ಕಬ್ಬಿಣದ ಕಪಾಟುಗಳ ಕಾರ್ಖಾನೆಯೊಂದರಲ್ಲಿ, ಬಣ್ಣದ ಖಾತೆಯಲ್ಲಿ. ಅವನಿಗೆ ಬಳಿದುಕೊಳ್ಳಲಿ ಎಂಬ ಮಾತಷ್ಟೇ ಕೇಳಿಸಿತು.

ಮರುದಿನ ಇಮಾಮಬಿ ಬಾಣಂತಿಯನ್ನು ನೋಡಿಬರಲು ಹೋದವಳು ಮುಖ ಸಣ್ಣದು ಮಾಡಿಕೊಂಡು ಬಂದಳು. ಹಾಶಿಮನಿಗೆ ಮೊದಲು ಊಟ ಬಡಿಸಿದಳು. ಮುಗಿದ ಮೇಲೆ, ಧರ್ಮಣ್ಣ ತೊಟ್ಟಿಲ ಕಂಬಗಳಿಗೆ ಬಣ್ಣ ಹಚ್ಚಿದ್ದಾನೆಂದು ಹೇಳಿದಳು.

"ಯಾವ ಬಣ್ಣ?" ಎಂದ ಹಾಶಿಮ ಬಹಳ ಮೆಲ್ಲಗೆ.

"ಕಪಾಟಿಂದು."

ನಿಜ ಹೇಳಬೇಕೆಂದರೆ ಸೋಮವ್ವನಿಗೂ ಅದು ಹಿಡಿಸಿರಲಿಲ್ಲ. ಅವಳು ಬಣ್ಣ ಬೇಕು ಎಂದಿದ್ದಳು. ಕೆಂಪು ಎನ್ನುವುದರೊಳಗೆ ಧರ್ಮಣ್ಣ ತಿಳಿಹಸಿರಿನ ಡಬ್ಬಿ ತೆರೆದಿದ್ದ. ಈಗ ತೊಟ್ಟಿಲು, ಕೂಸನ್ನು ಒಳಗಿಟ್ಟು ಬೀಗ ಹಾಕಿ ಬೀಗದಕೈ ಸೊಂಟಕ್ಕೆ ಸಿಕ್ಕಿಸಿಕೊಳ್ಳಬಹುದು ಎಂಬಂತೆ ಕಾಣುತ್ತಿತ್ತು.

ಹಾಶಿಮ ದಂಡೆತ್ತಿ ಹೋದ. ಹೋದದ್ದು ಒಬ್ಬನೇ ಆದರೂ ಅದು ದಂಡಯಾತ್ರೆಯೇ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಬಾಣಂತಿಯ ಕಡೆ ನೋಡದೆ, ಕಂಬಗಳನ್ನು ಕಳಚಿದ. ಮಳೆಗೆ ಬಣ್ಣ ಒಣಗಿರಲಿಲ್ಲ. ಅಂಗೈ ಹಸಿರಾಯಿತು, ಗೋಣಿ ಹಸಿರಾಯಿತು, ದಾದರಿನ ಸೇತುವೆಯ ಮೇಲೆ ಅವನಿಗೆ ತಾಗಿದ ಇಬ್ಬರು ಗುಮಾಸ್ತರ ಬಿಳಿ ಅಂಗಿಯೂ ಹಸಿರಾಯಿತು. ಅವರು ತಿರುಗಿ ಬಯ್ಯಲು ಬಾಯಿ ತೆರೆದು ಅವನ ಮುಖ ನೋಡಿ ಮುಚ್ಚಿಕೊಂಡರು. ಶೆಡ್ಡಿಗೆ ಬಂದವನೇ ಕಂಬಗಳನ್ನು ಒಂದೊಂದಾಗಿ ಯಂತ್ರಕ್ಕೆ ಏರಿಸಿದ. ಉಳಿ ಮುಟ್ಟಿದಲ್ಲೆಲ್ಲ ಕಪಾಟಿನ ಬಣ್ಣ ಹಸಿ ಸೊಪ್ಪಿನಂತೆ ಸುರುಳಿ ಸುರುಳಿಯಾಗಿ ಉದುರಿತು. ಮರದ ಮೈಯೂ ಸುತ್ತಲೂ ಒಂದು ನೂಲಿನಷ್ಟು, ಎಂದರೆ ಅಂಗುಲದ ಎಂಟನೆಯ ಒಂದು ಪಾಲು, ಹೋಯಿತು. ಒಳಗೆ ತೆರೆಗಳು ಕೂದಲು ಕೊಂಕದೆ ಇದ್ದವು. ಮೂವತ್ತು ವರ್ಷ ಅವನು ಕಡೆದು ಕೊಟ್ಟ ಎಲ್ಲ ಕಂಬಗಳ ಮೇಲೆ ಬಿದ್ದ ಎಲ್ಲ ಬಣ್ಣದ ಸೇಡನ್ನು ಆ ನಾಲ್ಕರ ಮೇಲೆ ತೀರಿಸಿಕೊಂಡ.

ಹನ್ನೊಂದನೆಯ ದಿನ ಸೋಮವ್ವ ಬಂದಳು. ವಿಕ್ರೋಳಿಯಿಂದ ಒಬ್ಬಳೇ, ಎರಡು ಗಾಡಿ ಬದಲಿಸಿ, ಜನರ ನೂಕಿನಲ್ಲಿ ಒಂದು ಬಳೆ ಒಡೆದುಕೊಂಡು. ಬಂದವಳು ಕೂರಲಿಲ್ಲ. ಇಮಾಮಬಿ ಕೊಟ್ಟ ನೀರನ್ನೂ ಕುಡಿಯಲಿಲ್ಲ. ನಾಡಿದ್ದು ಬೀಗರು ಬರುತ್ತಾರೆ, ತೊಟ್ಟಿಲು ನೆಲದ ಮೇಲೆ ಹೆಳವನಂತೆ ಬಿದ್ದಿದೆ, ಕಂಬ ಕೊಡು ಎಂದಳು. ಕೊಟ್ಟರೆ ಏನು ಮಾಡುತ್ತೀ ಎಂದ ಹಾಶಿಮ. ಈ ಸಲ ಕೆಂಪು ಬಣ್ಣವನ್ನೇ ತರಿಸುತ್ತೇನೆ ಎಂದಳು.

"ನೀವು ಬಳೀರಿ, ನಾ ಕಡೀತೀನಿ" ಎಂದ ಹಾಶಿಮ. "ಮತ್ತ ಬಳೀರಿ, ಮತ್ತ ಕಡೀತೀನಿ. ಕಂಬ ಹೋಗಿ ಲಟ್ಟಣಿಗಿ ಆಗ್ಲಿ, ಲಟ್ಟಣಿಗಿ ಹೋಗಿ ಕಡ್ಡಿ ಆಗ್ಲಿ. ಬಣ್ಣಂತೂ ನಿಲ್ಲಗೊಡಂಗಿಲ್ಲ."

"ಕಡ್ಡಿ ಮ್ಯಾಲ ನನ್ನ ಮೊಮ್ಮಗಳನ್ನ ಮಲಗಸ್ತೀ ಏನೋ ಹುಚ್ಚಪ್ಯಾಲಿ?"

ಬೈದಳಾದರೂ ಸೋಮವ್ವ ಕಂಬವೊಂದನ್ನು ಎತ್ತಿ ಮುಷ್ಟಿಯಲ್ಲಿ ಹಿಡಿದು ನೋಡಿದಳು. ಮೊದಲ ಸಲ ತಂದಾಗ ಅದು ಮುಷ್ಟಿ ತುಂಬಿ ಮಿಕ್ಕಿತ್ತು. ಈಗ ಅವಳ ಬೆರಳ ತುದಿ ಹೆಬ್ಬೆರಳಿಗೆ ಹೋಗಿ ಮುಟ್ಟಿತು. ಅವಳು ಎದುರು ನಿಂತವನ ಮುಖ ನೋಡಿದಳು. ಆ ಮುಖ ಇನ್ನೂ ನಾಲ್ಕು ಸಲ ಕಡೆಯುವ ಮುಖವಾಗಿತ್ತು. ತೂಕದ ಲೆಕ್ಕ ಅವಳಿಗೂ ತಿಳಿಯುತ್ತಿತ್ತು. ಇನ್ನೊಂದು ಸಲ ಬಣ್ಣ, ಇನ್ನೊಂದು ಸಲ ಉಳಿ ಎಂದರೆ ಕೂಸು ನೆಲಕ್ಕೆ.

ಸಂಧಾನಕ್ಕೆ ಇಮಾಮಬಿ ನಡುವೆ ಬಂದು ಕುಳಿತಳು. ಕಾಯ್ಕು ಚಿಲ್ಲಾರೈ, ಯಾಕಿಷ್ಟು ಕಿರುಚುತ್ತೀ, ನಾನೇನು ಕಿವುಡಿಯಾ ಎಂದು ಗಂಡನನ್ನು ಗದರಿದಳು. ಓಣಿಯ ಗೆಳತಿಗೆ ಚಹಾ ಕೊಟ್ಟಳು. ಸೋಮವ್ವ ಕೊನೆಗೆ ಒಂದು ಮೆಟ್ಟಿಲು ಇಳಿದಳು. ಮೈತುಂಬ ಬೇಡ, ಆದರೆ ಕೆಂಪು ಇಲ್ಲದೆ ಕೂಸನ್ನು ಹಾಕುವುದಿಲ್ಲ, ದೃಷ್ಟಿಗಾದರೂ ಬೇಕು. ಹಿಂದಿನ ಮೋಸ ನೆನಪಿಟ್ಟುಕೊಂಡು ಅವಳು ವಕೀಲರಂತೆ ಒಂದೊಂದೇ ಮಾತನ್ನು ಬಿಗಿದಳು. "ಕೆಂಪ ಅಂದ್ರ ಕೆಂಪ ಬಣ್ಣ. ಅರಗಿಂದ. ನಾಲ್ಕೂ ಕಂಬಕ್ಕ. ಎದ್ದ ಕಾಣೂವಂಗ ಮ್ಯಾಲ. ಬೆರಳಗಲ. ತಿಳೀತಿಲ್ಲೋ?"

ಹಾಶಿಮ ಹಲ್ಲು ಕಡಿದ, ಯಂತ್ರವನ್ನು ಒದ್ದ, ಬೆರಳಗಲ ಬಣ್ಣವೂ ಬಣ್ಣವೇ ಎಂದು ಗೊಣಗಿದ. ನಂತರ ಇದ್ದಕ್ಕಿದ್ದಂತೆ ಒಪ್ಪಿಕೊಂಡ. ಅವನು ಅಷ್ಟು ಬೇಗ ಒಪ್ಪಿದ್ದನ್ನು ನೋಡಿ ಸೋಮವ್ವನಿಗೆ ಸಂಶಯ ಬರಬೇಕಿತ್ತು. ಆದರೆ ಐದು ಗಂಟೆಯ ನೂಕುನುಗ್ಗಲಿಗೆ ಮೊದಲು ಗಾಡಿ ಹಿಡಿಯಬೇಕಿತ್ತು, ಹೊರಟುಹೋದಳು.

ಮರುದಿನ ಬೆಳಿಗ್ಗೆಯೇ ಇಮಾಮಬಿ ಒಂದು ಚೂರು ಕಾಗದವನ್ನು ಸೆರಗಿಗೆ ಕಟ್ಟಿಕೊಂಡು ವಿಕ್ರೋಳಿಗೆ ಹೋಗಿ ಕೂಸನ್ನು ಎತ್ತಿ ಮುದ್ದಾಡಿ ಬಂದಳು. ಮಧ್ಯಾಹ್ನ ಹಾಶಿಮ ಕಂಬಗಳಿಗೆ ಮತ್ತೆ ಎಣ್ಣೆ ತಾಗಿಸಿ ಒರೆಸಿ, ಬಣ್ಣವಿಲ್ಲದ ಅರಗನ್ನು ಹಚ್ಚಿ ಹೊಳಪು ಕೊಟ್ಟ. ಕಡೆಗೆ ಅಪ್ಪನ ಪೆಟ್ಟಿಗೆಯಿಂದ ಕೆಂಪು ಕಡ್ಡಿ ತೆಗೆದು, ಕಾಗದದ ಮೇಲೆ ಉಗುರಿನಿಂದ ಮಾಡಿದ್ದ ಎರಡು ಗುರುತಿನ ಅಳತೆಗೆ ಸರಿಯಾಗಿ, ಒಂದೊಂದು ಕಂಬಕ್ಕೂ ಒಂದೊಂದು ಪಟ್ಟಿ ಎಳೆದ. ಅಪ್ಪ ಇದ್ದಿದ್ದರೂ ತಪ್ಪು ಹಿಡಿಯುವಂತಿರಲಿಲ್ಲ.

ಹದಿಮೂರನೆಯ ದಿನ ಬೀಗರು ಬರುವುದಕ್ಕೆ ಸ್ವಲ್ಪ ಮುಂಚೆ ಅವನು ತೊಟ್ಟಿಲು ಜೋಡಿಸಿ ಹಗ್ಗಕ್ಕೆ ತೂಗುಹಾಕಿದ. ಸೋಮವ್ವ ಹತ್ತಿರ ಬಂದು ಬಗ್ಗಿದಳು. ಕೆಂಪು ಇತ್ತು. ಅರಗಿನದೇ. ನಾಲ್ಕೂ ಕಂಬಕ್ಕೆ, ಮೇಲೆಯೇ, ಎದ್ದು ಕಾಣುವಂತೆಯೇ. ಆದರೆ ಅಕ್ಕಿಕಾಳನ್ನು ಉದ್ದಕ್ಕೆ ಇಟ್ಟರೆ ಹೊರಗೆ ಇಣುಕುವಷ್ಟು ಸಣ್ಣದು.

"ಬೆರಳಗಲ ಅಂದಿದ್ನೆಲ್ಲೋ ತಮ್ಮಾ?"

"ಬೆರಳಗಲಾನ ಐತಿ. ಯಾರ ಬೆರಳಂತ ನೀ ಹೇಳಿಲ್ಲ. ತೊಟ್ಲ ಯಾರದೋ ಅವರ ಬೆರಳ."

ಸೋಮವ್ವ ಇಮಾಮಬಿಯ ಕಡೆ ತಿರುಗಿದಳು. ಇಮಾಮಬಿ ಗೋಡೆಯ ಮೇಲಿನ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ಓದುತ್ತಿದ್ದಳು. ಸೋಮವ್ವ ಬೈಯಲೆಂದು ಸೆರಗು ಸಿಕ್ಕಿಸಿಕೊಳ್ಳುವಷ್ಟರಲ್ಲಿ ಬೀಗತಿ ಬಾಗಿಲಲ್ಲಿ ನಿಂತಿದ್ದಳು.

ಬೀಗತಿ ಬಂದವಳು ನೆಟ್ಟಗೆ ತೊಟ್ಟಿಲಿಗೆ ಹೋದಳು. ಕೆಂಪು ಪಟ್ಟಿ ಕಂಡಳು, ತಲೆ ಆಡಿಸಿದಳು. ತೊಟ್ಟಿಲು ಹಗ್ಗದಲ್ಲಿ ಸ್ವಲ್ಪ ತಿರುಗಿತು. ಕಿಟಕಿಯ ಬೆಳಕು ಕಂಬಗಳ ಮೇಲೆ ಜಾರಿತು, ಒಳಗಿನ ತೆರೆಗಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಿದವು. ಬೀಗತಿ ಕನ್ನಡಕ ಹಾಕಿಕೊಂಡಳು. ಕಲಘಟಗಿಯ ಸುತ್ತ ಹುಟ್ಟಿ ಬೆಳೆದವಳು, ತೊಟ್ಟಿಲ ಮೇಲೆ ಏನು ಕಂಡರೂ ಅದು ಕುಂಚದಿಂದಲೇ ಬಂದದ್ದೆಂದು ತಿಳಿದವಳು.

"ಭಾಳ ನಾಜೂಕ ಬಿಡಿಸ್ಯಾರ" ಎಂದಳು. "ಯಾವ ಚಿತ್ರಗಾರರು ಬೀಗತೀ? ಎಷ್ಟ ಕೈ ಬಣ್ಣ ಹಾಕ್ಯಾರ?"

ಹಾಶಿಮನ ಕತ್ತಿನ ನರ ಉಬ್ಬಿತು. ಮೂವತ್ತು ವರ್ಷದ ಸಿಟ್ಟೆಲ್ಲ ಒಂದು ಮಾತಾಗಿ ನಾಲಿಗೆಯ ತುದಿಗೆ ಬಂತು. ಬಾಯಿ ತೆರೆದ. ಅವನಿಗಿಂತ ಮೊದಲು ಸೋಮವ್ವ ಸಿಡಿದಳು.

"ಬಣ್ಣ ಅಲ್ರೀ ಅದು. ಯಾರೂ ಬಿಡಿಸಿಲ್ಲ. ಕಟ್ಟಿಗ್ಯಾಗ ಇತ್ತು. ಕಣ್ಣಿದ್ದವರು ನೋಡ್ಬೇಕು."

ಅಷ್ಟಕ್ಕೇ ಬಿಡಲಿಲ್ಲ. ಬೀಗತಿಯ ಮೊಣಕೈ ಹಿಡಿದು ನಾಲ್ಕೂ ಕಂಬಗಳ ಸುತ್ತ ನಡೆಸಿದಳು. ಇದು ಸಮುದ್ರ ಸುತ್ತಿ ಬಂದ ಮರ, ಇಂಥದು ಹುಬ್ಬಳ್ಳಿಯಲ್ಲಿ ಹುಡುಕಿದರೂ ಸಿಗದು, ಬಣ್ಣ ಹಚ್ಚುವುದು ಮುಖವಿಲ್ಲದ ಕಟ್ಟಿಗೆಗೆ ಎಂದು ಹಾಶಿಮನ ಮಾತುಗಳನ್ನೆಲ್ಲ ಒಂದೂ ಬಿಡದೆ ಒಪ್ಪಿಸಿದಳು. ಧರ್ಮಣ್ಣ ತನ್ನ ಅಂಗೈಯಲ್ಲಿ ಉಳಿದ ಹಸಿರು ಕಲೆಯನ್ನು ಚಹಾದ ಬಟ್ಟಲ ಹಿಂದೆ ಅಡಗಿಸಿದ. ಇಡೀ ಜೀವಮಾನ ತಾನು ಕೂಡಿಸಿಟ್ಟ ಸಿಟ್ಟನ್ನು ಇನ್ನೊಬ್ಬರು ಬಾಚಿಕೊಂಡು ಹೋಗುವುದನ್ನು ನೋಡುತ್ತ ಹಾಶಿಮ ಬಾಯಿ ತೆರೆದೇ ನಿಂತಿದ್ದ.

ಕೂಸನ್ನು ತೊಟ್ಟಿಲಿಗೆ ಹಾಕಿದರು. ಲಕ್ಷ್ಮವ್ವ ಎಂದು ಕಿವಿಯಲ್ಲಿ ಕರೆದರು. ಹೆಂಗಸರು ಹಗ್ಗ ಹಿಡಿದು ಮೆಲ್ಲಗೆ ತೂಗತೊಡಗಿದರು. ಆಗ ಮೂಲೆಯಿಂದ ಹಾಶಿಮ, ಜೋರಾಗಿ ತೂಗಿರಿ, ಹೀಗೆ ತೂಗಿದರೆ ತೆರೆ ಏಳುವುದಿಲ್ಲ ಎಂದು ಗದರಿದ.

"ಕೂಸ ಬೀಳ್ತದೋ" ಎಂದಳು ಸೋಮವ್ವ.

"ನಾ ಕಡದ ಕಂಬ ಅಕ್ಕಾ. ಬೀಳಂಗಿಲ್ಲ. ತೂಗಸು."

"ನೀ ಹೊರಗ ಹೋಗು."

ಅವನು ಹೋಗಲಿಲ್ಲ. ಅವಳು ಜೋರಾಗಿ ತೂಗಿಸಲಿಲ್ಲ. ಹೋಳಿಗೆ ಬಡಿಸುವವರೆಗೂ ಇಬ್ಬರೂ ಅದೇ ಜಗಳ ಆಡುತ್ತಿದ್ದರು.